ಓದುಗರ ಪ್ರಶ್ನೆ, ನಮ್ಮ ಉತ್ತರ: ಗಾಂಜಾ ಮತ್ತು ಕ್ರೈಸ್ತ ವಿಶ್ವಾಸ

ಈ ಸಂಚಿಕೆಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಗಾಂಜಾ ಕುರಿತವೇ ಹೆಚ್ಚು. ಬರೆದವರೆಲ್ಲ ಕ್ರೈಸ್ತರು. ಕಥೋಲಿಕರಿದ್ದಾರೆ, ಪ್ರೊಟೆಸ್ಟಂಟ್ ಪಂಗಡದ ಸಿ.ಎಸ್.ಐ. (ದಕ್ಷಿಣ ಭಾರತ) ಸಭೆಯವರಿದ್ದಾರೆ. ದೇವಶಾಸ್ತ್ರ ಬಲ್ಲವರು, ಮನೋವೈದ್ಯರು, ವಕೀಲರು ಒಟ್ಟಿಗೆ ಕೂತು ಉತ್ತರ ಬರೆದಿದ್ದೇವೆ. ಗುರುತು ಹತ್ತುವ ವಿವರಗಳನ್ನು ಪತ್ರಗಳಿಂದ ತೆಗೆದಿದ್ದೇವೆ.

ನನಗೆ 27 ವರ್ಷ, ಮೈಸೂರಿನಲ್ಲಿ ಐ.ಟಿ. ಕೆಲಸ. ಶನಿವಾರ ರಾತ್ರಿ ರೂಮಿನಲ್ಲಿ ಒಂದು ಜಾಯಿಂಟ್ ಸೇದುತ್ತೇನೆ, ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೇನೆ. ಯಾರಿಗೂ ತೊಂದರೆ ಕೊಟ್ಟವನಲ್ಲ. ಬೀಜವುಳ್ಳ ಎಲ್ಲ ಸಸ್ಯಗಳನ್ನೂ ಕೊಟ್ಟಿದ್ದೇನೆ ಎಂದು ಆದಿಕಾಂಡ 1:29ರಲ್ಲಿ ದೇವರೇ ಹೇಳಿದ್ದಾನೆ. ಸೇದಿ ಸತ್ಯವೇದ ಓದಿದರೆ ಅರ್ಥ ಇನ್ನೂ ಆಳವಾಗಿ ಇಳಿಯುತ್ತದೆ. ಎರಡನ್ನೂ ಇಟ್ಟುಕೊಂಡು ಬಾಳಬಹುದಲ್ಲವೇ? – ಮೈಸೂರು

ಮೊದಲು ನಮ್ಮ ನಿಲುವು. ಮೋಜಿಗಾಗಿ ಗಾಂಜಾ ಸೇದುವುದಕ್ಕೂ ಕ್ರಿಸ್ತನ ಹಿಂದೆ ನಡೆಯುವುದಕ್ಕೂ ಹೊಂದಾಣಿಕೆ ಆಗದು. ಆದರೆ ಸೇದುವವನಿಗೆ ಸಭೆಯಲ್ಲಿ ಜಾಗವಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪುವುದಿಲ್ಲ. ನೀವು ಭಾನುವಾರ ಹೋಗುವುದನ್ನು ಬಿಡಬೇಡಿ.

ನೀವು ಹಿಡಿದಿರುವ ವಚನದ ಕೊನೆಯ ಮಾತು ನೋಡಿ: ಆ ಸಸ್ಯಗಳನ್ನು ಕೊಟ್ಟದ್ದು ಆಹಾರಕ್ಕೆ. ಕಣಗಿಲೆಗೂ ಬೀಜವಿದೆ, ಉಮ್ಮತ್ತಿಗೂ ಇದೆ. ಅವನ್ನು ತಿಂದರೆ ಏನಾಗುತ್ತದೆಂದು ಹೊಲದ ಬದುವಿನಲ್ಲಿ ಆಡಿದ ಮಗುವಿಗೂ ಗೊತ್ತು. ಎರಡನೆಯ ಅರಸುಗಳ ಪುಸ್ತಕದ 4ನೇ ಅಧ್ಯಾಯದಲ್ಲಿ ಎಲೀಷನ ಶಿಷ್ಯನೊಬ್ಬ ಬರಗಾಲದಲ್ಲಿ ಗುರುತಿಲ್ಲದ ಕಾಡುಬಳ್ಳಿಯ ಕಾಯಿ ಕೊಯ್ದು ತಂದು ಅಡುಗೆಗೆ ಹೆಚ್ಚಿ ಹಾಕುತ್ತಾನೆ. ಉಂಡವರು ಪಾತ್ರೆಯಲ್ಲಿ ಸಾವಿದೆ ಎಂದು ಕೂಗಿಕೊಳ್ಳುತ್ತಾರೆ. ಸೃಷ್ಟಿ ಒಳ್ಳೆಯದು ಎನ್ನುವ ಗ್ರಂಥವೇ, ಸೃಷ್ಟಿಯಲ್ಲಿರುವುದನ್ನೆಲ್ಲ ಒಳಗೆ ಇಳಿಸಬಹುದು ಎಂದು ಹೇಳುವುದಿಲ್ಲ. ಗಾಂಜಾ ಗಿಡವನ್ನು ದೇವರೇ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಅದರ ನಾರಿನಿಂದ ಹಗ್ಗ ಹೊಸೆಯಬಹುದು, ಬೀಜದಿಂದ ಎಣ್ಣೆ ತೆಗೆಯಬಹುದು. ಪ್ರಶ್ನೆ ಗಿಡದ್ದಲ್ಲ, ಬಳಕೆಯದು.

ಬಳಕೆಯನ್ನು ಅಳೆಯಲು ಪೌಲ ಒಂದು ಅಳತೆಗೋಲು ಕೊಟ್ಟಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆ 6:12ರಲ್ಲಿ ಅವನು ಹೇಳುವುದಿಷ್ಟು: ಎಲ್ಲ ಮಾಡಲು ನನಗೆ ಸ್ವಾತಂತ್ರ್ಯವಿದ್ದರೂ ಎಲ್ಲವೂ ಹಿತವಲ್ಲ, ನಾನು ಯಾವುದಕ್ಕೂ ಅಧೀನನಾಗುವುದಿಲ್ಲ. ಇದನ್ನು ಪರೀಕ್ಷಿಸಬಹುದು. ಇಂದಿನಿಂದ 30 ದಿನ ನಿಲ್ಲಿಸಿ. ಮೊದಲೇ ಯಾರಿಗಾದರೂ ಒಬ್ಬರಿಗೆ ಹೇಳಿಡಿ. ನಾಲ್ಕು ಶನಿವಾರ ಸಲೀಸಾಗಿ ಕಳೆದರೆ ಒಂದು ಮಾತು. ಎರಡನೆಯ ಶನಿವಾರಕ್ಕೇ ‘ಇದೊಂದು ವಾರ ಮಾತ್ರ’ ಎನ್ನುವ ವಾದ ಮನಸ್ಸಿನಲ್ಲಿ ಎದ್ದರೆ, ಸ್ವಾತಂತ್ರ್ಯ ಎಂದು ನೀವು ಕರೆಯುತ್ತಿದ್ದುದರ ಮೇಲೆ ಗಾಂಜಾದ ಹಿಡಿತವಿದೆ ಎಂದಾಯಿತು. ವೈದ್ಯರು ವ್ಯಸನವನ್ನು ಗುರುತಿಸಲು 11 ಲಕ್ಷಣ ನೋಡುತ್ತಾರೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಸೇದುವುದು, ಬಿಡಲು ಹೋಗಿ ಸೋಲುವುದು, ತಡೆಯಲಾಗದ ಚಪಲ, ಮನೆ ಅಥವಾ ಕೆಲಸ ಕೆಡುತ್ತಿದ್ದರೂ ಮುಂದುವರಿಸುವುದು, ಮೊದಲಿನ ಮತ್ತಿಗೆ ಈಗ ಹೆಚ್ಚು ಬೇಕಾಗುವುದು ಇಂಥವು. ಒಂದು ವರ್ಷದೊಳಗೆ 2 ಕಂಡರೂ ಅದು ಕಾಯಿಲೆಯ ಆರಂಭ. 6 ಅಥವಾ ಹೆಚ್ಚು ಇದ್ದರೆ ತೀವ್ರ. ಒಮ್ಮೆಯಾದರೂ ಸೇದಿದವರಲ್ಲಿ ಸುಮಾರು ನೂರಕ್ಕೆ 9 ಮಂದಿ ಇದಕ್ಕೆ ಅಂಟಿಕೊಳ್ಳುತ್ತಾರೆ, ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಸುಮಾರು ಆರಕ್ಕೆ ಒಬ್ಬರು. ಎಲ್ಲರೂ ವ್ಯಸನಿಗಳಾಗುತ್ತಾರೆ ಎಂದು ಹೆದರಿಸುವುದು ಸುಳ್ಳು. ಯಾರೂ ಆಗುವುದಿಲ್ಲ ಎಂದು ಗೆಳೆಯರು ಹೇಳುವುದೂ ಸುಳ್ಳೇ.

ಇನ್ನು ಆಳವಾದ ಅರ್ಥದ ಮಾತು. ಇದನ್ನು ಹಲವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಗಾಂಜಾದ ಮತ್ತಿನ ಅಂಶ ಟಿ.ಎಚ್.ಸಿ., ಸಾಧಾರಣ ಸಂಗತಿಗೂ ಭಾರೀ ಮಹತ್ವವಿದೆ ಎಂಬ ಭಾವ ಹುಟ್ಟಿಸುತ್ತದೆ. ಹಾಡು, ಬೆಳಕು, ಗೋಡೆಯ ಮೇಲಿನ ಕಲೆ ಕೂಡ ಗಹನವಾಗಿ ಕಾಣುತ್ತದೆ. ಅದೇ ಹೊತ್ತಿಗೆ ಮಿದುಳಿನಲ್ಲಿ ಹೊಸ ನೆನಪನ್ನು ಕಟ್ಟುವ ಭಾಗ, ಹಿಪೊಕ್ಯಾಂಪಸ್, ಸರಿಯಾಗಿ ಕೆಲಸ ಮಾಡುವುದಿಲ್ಲ; ಟಿ.ಎಚ್.ಸಿ. ಅಂಟಿಕೊಳ್ಳುವ ತಾಣಗಳು ಅಲ್ಲಿ ದಟ್ಟವಾಗಿವೆ. ಮಹತ್ವದ ಭಾವ ದೊಡ್ಡದಾಗಿ, ಉಳಿಯುವ ತಿಳಿವು ಚಿಕ್ಕದಾಗುವುದು ಹೀಗೆ. ಅನುಮಾನವಿದ್ದರೆ ಈವರೆಗೆ ಆ ರಾತ್ರಿಗಳಲ್ಲಿ ಬರೆದಿಟ್ಟ ಟಿಪ್ಪಣಿ, ಗೆಳೆಯರಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ತೆಗೆದು ಎಚ್ಚರದ ಹಗಲಲ್ಲಿ ಓದಿ. ಅದರಲ್ಲಿ ಎಷ್ಟು ನಿಮ್ಮ ನಡತೆಗೆ ಇಳಿಯಿತು? ತಂದೆಗೆ ಫೋನ್ ಮಾಡಿದಿರಾ, ಸಾಲ ತೀರಿಸಿದಿರಾ, ಮುನಿಸು ಬಿಟ್ಟಿರಾ? ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಆತ್ಮದ ಫಲಗಳ ಪಟ್ಟಿ ಶಮೆದಮೆಯಲ್ಲಿ ಮುಗಿಯುತ್ತದೆ. ಅಲ್ಲಿ ಪರವಶತೆಯ ಹೆಸರಿಲ್ಲ. ಪೇತ್ರನಂತೂ ಮೊದಲ ಪತ್ರಿಕೆ 4:7ರಲ್ಲಿ ಪ್ರಾರ್ಥನೆ ಮಾಡಲಿಕ್ಕಾಗಿಯೇ ಸ್ವಸ್ಥಚಿತ್ತರಾಗಿರಿ ಎಂದು ಹೇಳುತ್ತಾನೆ.

ಯಾರಿಗೂ ತೊಂದರೆ ಇಲ್ಲವೆಂಬುದಕ್ಕೆ ಎರಡು ಮಾತು. ನಿಮ್ಮ ಕೈಗೆ ಬರುವ ಪೊಟ್ಟಣ ಯಾರದೋ ಹೊಲದ ಜೋಳ, ಕಬ್ಬಿನ ಮರೆಯಲ್ಲಿ ಬೆಳೆದದ್ದು, ಬಡ ಹುಡುಗರ ಬ್ಯಾಗಿನಲ್ಲಿ ಬಂದದ್ದು. ಸಿಕ್ಕಿಬಿದ್ದರೆ ಜೈಲು ಸೇರುವವರು ಅವರು. ಗಿಡ ಬೆಳೆದದ್ದಕ್ಕೇ 10 ವರ್ಷದವರೆಗೆ ಕಠಿಣ ಸಜೆ ಇದೆ. ಆ ಅಪಾಯಕ್ಕೆ ನೀವು ಕೊಟ್ಟ ಹಣವೂ ಸೇರಿದೆ. ಎರಡನೆಯದು, ನಿಮ್ಮ ರೂಮಿಗೆ ಬರುವ ಕಿರಿಯ. ರೋಮಾಪುರದವರಿಗೆ ಬರೆದ ಪತ್ರಿಕೆ 14:21 ಅವನ ಬಗ್ಗೆಯೇ ಇದೆ: ಸಹೋದರನಿಗೆ ಎಡವುಗಲ್ಲಾಗುವುದಾದರೆ ಮಾಂಸವಾಗಲಿ ದ್ರಾಕ್ಷಾರಸವಾಗಲಿ ಬೇಡ.

ಕಾನೂನನ್ನೂ ತಿಳಿದುಕೊಳ್ಳಿ. 1985ರ ಎನ್.ಡಿ.ಪಿ.ಎಸ್. (ಮಾದಕವಸ್ತು ನಿಯಂತ್ರಣ) ಕಾಯಿದೆಯ 27ನೇ ಕಲಮಿನಂತೆ ಗಾಂಜಾ ಸೇವನೆಗೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಟ್ಟುಕೊಂಡರೆ, ಕೊಂಡರೆ 20ನೇ ಕಲಮು: 1 ಕೆ.ಜಿ.ವರೆಗೆ ‘ಅಲ್ಪ ಪ್ರಮಾಣ’, ಅದಕ್ಕೆ 1 ವರ್ಷದವರೆಗೆ ಸಜೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆ.ಜಿ.ಗಿಂತ ಹೆಚ್ಚಾದರೆ ಕನಿಷ್ಠ 10 ವರ್ಷ. ಅದೇ ಗಿಡದ ಅಂಟಿನಿಂದ ಮಾಡುವ ಚರಸ್‌ಗೆ ಮಿತಿ ಬಹಳ ಕಡಿಮೆ, 100 ಗ್ರಾಂ ದಾಟಿದರೆ ಅಲ್ಪ ಪ್ರಮಾಣ ಮುಗಿಯಿತು. ನಮ್ಮ ಕಡೆಯ ಹುಡುಗರು ‘ಸೊಪ್ಪು’ ಎಂದು ಕರೆದು, ಸೊಪ್ಪಿಗೆ ಕೇಸಿಲ್ಲ ಎಂದುಕೊಂಡಿರುತ್ತಾರೆ. ಕಾಯಿದೆ ಗಾಂಜಾ ಎನ್ನುವುದು ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು. ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಬೀದಿಯಲ್ಲಿ ಪೊಟ್ಟಣ ಕಟ್ಟಿ ಮಾರುವುದು ಆ ತುದಿಗಳನ್ನೇ.

ವಿಮೋಚನಕಾಂಡ 30ರ ಅಭಿಷೇಕ ತೈಲದಲ್ಲಿ ಗಾಂಜಾ ಇತ್ತು ಎಂದು ವಿಡಿಯೋ ನೋಡಿದೆ. ನಿಜವೇ? – ಬನ್ನಿಮಂಟಪ, ಮೈಸೂರು

ಆ ತೈಲದ ಅಳತೆ ಅಲ್ಲೇ ಇದೆ: ರಕ್ತಬೋಳ 500 ಶೆಕೆಲ್ (ಆ ಕಾಲದ ತೂಕ), ದಾಲ್ಚಿನ್ನಿ 250, ಸುಗಂಧದ ಜೊಂಡು 250, ಇನ್ನೊಂದು ಬಗೆಯ ಚಕ್ಕೆ 500, ಒಂದು ಹಿನ್ (ಆ ಕಾಲದ ಅಳತೆ) ಆಲಿವ್ ಎಣ್ಣೆ. ಆ ಜೊಂಡೇ ಗಾಂಜಾ ಎಂದು ಸೂಲಾ ಬೆನೆಟ್ ಎಂಬ ವಿದ್ವಾಂಸೆ 1936ರಲ್ಲಿ ವಾದಿಸಿದರು. ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲ. ಬಜೆಯಂಥ ಪರಿಮಳದ ಗಿಡವೆಂದೇ ಎಣಿಸುತ್ತಾರೆ. ವಾದಕ್ಕೆ ಒಪ್ಪಿದರೂ ನಿಮಗೆ ಲಾಭವಿಲ್ಲ. ಅದೇ ಅಧ್ಯಾಯದ 32, 33ನೇ ವಚನಗಳಲ್ಲಿ ಆ ತೈಲವನ್ನು ಸಾಮಾನ್ಯರ ಮೈಮೇಲೆ ಹೊಯ್ಯಬಾರದು, ಅದೇ ಪಾಕದಲ್ಲಿ ಸ್ವಂತಕ್ಕೆ ಮಾಡಿಕೊಂಡವನು ಕುಲದಿಂದ ಹೊರಗಾಗಬೇಕು ಎಂದಿದೆ. ಗುಡಾರಕ್ಕೂ ಯಾಜಕರಿಗೂ ಹಚ್ಚಿದ ತೈಲವದು. ಯಾರೂ ಸೇದಲಿಲ್ಲ.

ಬಲಿಪೂಜೆಯಲ್ಲಿ ದ್ರಾಕ್ಷಾರಸ ಇದೆ, ಯೇಸುಸ್ವಾಮಿ ಕಾನಾದಲ್ಲಿ ಮಾಡಿಕೊಟ್ಟರು. ಅದಕ್ಕಿಲ್ಲದ ತಪ್ಪು ಇದಕ್ಕೇಕೆ? – ಮಂಡ್ಯ

ದ್ರಾಕ್ಷಾರಸವನ್ನು ಬೈಬಲ್ ಎಲ್ಲೂ ಪೂರ್ತಿ ನಿಷೇಧಿಸಿಲ್ಲ, ಅಮಲನ್ನು ಎಲ್ಲೂ ಒಪ್ಪಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆ 5:18 ಆ ಗೆರೆ ಎಳೆಯುತ್ತದೆ. ಊಟದ ಜೊತೆ ಒಂದು ಗುಟುಕು ಕುಡಿದು ಅಮಲೇರದೆ ಏಳಬಹುದು. ಗಾಂಜಾ ಸೇದುವವನು ಸೇದುವುದೇ ಅಮಲಿಗೆ. ಅಮಲಿಲ್ಲದ ಪೊಟ್ಟಣವನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಹಾಗೆಂದು ಮದ್ಯಕ್ಕೆ ರಿಯಾಯಿತಿ ಕೊಟ್ಟೆವು ಎಂದುಕೊಳ್ಳಬೇಡಿ. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಗಾಂಜಾಕ್ಕಿಂತ ಹೆಚ್ಚು ಮನೆ ಮುರಿದದ್ದು ಬಾಟಲಿಯೇ. ಮದುವೆ ಮನೆಯ ಹಿಂದೆ ಗ್ಲಾಸು ಹಿಡಿದ ಹಿರಿಯರು ಹುಡುಗರ ಗಾಂಜಾ ಬಗ್ಗೆ ಬೈದರೆ ಹುಡುಗರು ಕೇಳುವುದಿಲ್ಲ. ಅವರ ಆ ಸಿಟ್ಟಿನಲ್ಲಿ ನ್ಯಾಯವಿದೆ.

ಕಥೋಲಿಕ ನಾನು. ಎಂಟು ವರ್ಷದಿಂದ ಹೆಚ್ಚುಕಡಿಮೆ ದಿನಾ ಸೇದುತ್ತೇನೆ. ಪಾಪನಿವೇದನೆಯಲ್ಲಿ ಇದನ್ನು ಹೇಳಿದರೆ ಫಾದರ್ ಮನೆಯವರಿಗೋ ಪೊಲೀಸರಿಗೋ ತಿಳಿಸಬಹುದೇ? ಪರಮಪ್ರಸಾದ ತೆಗೆದುಕೊಳ್ಳಬಹುದೇ? ದೋರನಹಳ್ಳಿ ಸಂತ ಅಂತೋಣಿಯವರ ಮುಂದೆ ಬಿಡುತ್ತೇನೆಂದು ಹರಕೆ ಹೊತ್ತು ಎರಡೇ ವಾರಕ್ಕೆ ಮುರಿದೆ. – ಮಂಡ್ಯ ಜಿಲ್ಲೆ

ಪಾಪನಿವೇದನೆಯ ಗುಟ್ಟನ್ನು ಗುರು ಯಾರ ಮುಂದೆಯೂ, ಯಾವ ಕಾರಣಕ್ಕೂ, ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಬಿಡುವಂತಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 983ನೇ ನಿಯಮವಿದು. ನೇರವಾಗಿ ಮುರಿದ ಗುರು ತಾನಾಗಿಯೇ ಬಹಿಷ್ಕೃತನಾಗುತ್ತಾನೆ. ಜಾಲರಿಯ ಹಿಂದೆ ಕೂತು ಹೇಳಬಹುದು. ಸ್ವಂತ ಧರ್ಮಕೇಂದ್ರದಲ್ಲಿ ಮುಜುಗರವಾದರೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೋ ದೋರನಹಳ್ಳಿಗೋ ಹೋಗಿ. ಆದರೆ ಪಾಪನಿವೇದನೆಯ ಹೊರಗೆ, ಅಂಗಳದಲ್ಲಿ ನಿಂತು ಮಾತಾಡಿದ್ದಕ್ಕೆ ಆ ಮುದ್ರೆ ಇರುವುದಿಲ್ಲ. ಅಲ್ಲಿ ಗುರುವಿನ ಸಾಮಾನ್ಯ ವಿವೇಕವೇ ಕಾವಲು.

ಹೇಳುವಾಗ ‘ದುಶ್ಚಟವಿದೆ’ ಎಂದು ತೇಲಿಸಬೇಡಿ. ಏನು, ಎಷ್ಟು ದಿನಕ್ಕೊಮ್ಮೆ, ಎಷ್ಟು ಕಾಲದಿಂದ ಎಂದು ಹೇಳಿ. ಮತ್ತಿನಲ್ಲಿ ಗಾಡಿ ಓಡಿಸಿದ್ದರೆ, ಮನೆಯ ಹಣ ತೆಗೆದಿದ್ದರೆ, ಕಿರಿಯರಿಗೆ ಕೊಟ್ಟಿದ್ದರೆ ಅದನ್ನು ಬೇರೆಯಾಗಿ ಹೇಳಿ. ಅವು ಬೇರೆ ಪಾಪಗಳು.

ಕಥೋಲಿಕ ಧರ್ಮೋಪದೇಶದ 2291ನೇ ಪರಿಚ್ಛೇದ, ಚಿಕಿತ್ಸೆಯ ಕಾರಣ ಬಿಟ್ಟರೆ ಮಾದಕವಸ್ತು ಸೇವನೆ ಗಂಭೀರ ಅಪರಾಧ ಎನ್ನುತ್ತದೆ. ಆದರೆ ಒಬ್ಬನ ಪಾಪ ಗಂಭೀರವೆನಿಸಲು ವಿಷಯ ಗಂಭೀರವಾಗಿದ್ದರೆ ಸಾಲದು. ಪೂರ್ಣ ತಿಳಿವು, ಪೂರ್ಣ ಸಮ್ಮತಿ ಎರಡೂ ಬೇಕು. ಅಭ್ಯಾಸಬಲ ಹೊಣೆಯನ್ನು ತಗ್ಗಿಸಬಹುದೆಂದು 1735ನೇ ಪರಿಚ್ಛೇದ ಹೇಳುತ್ತದೆ. ಎಂಟು ವರ್ಷದ ದಿನನಿತ್ಯದ ಸೇವನೆಯಲ್ಲಿ ಎಷ್ಟು ಸಮ್ಮತಿ, ಎಷ್ಟು ಕಾಯಿಲೆ ಎಂಬುದನ್ನು ನೀವೊಬ್ಬರೇ ತೂಗಲಾರಿರಿ. ಅದಕ್ಕಾಗಿಯೇ ಗುರುವಿನ ಬಳಿ ಹೋಗಬೇಕು. ಗಂಭೀರ ಪಾಪದ ಅರಿವಿದ್ದರೆ ಮೊದಲು ಪಾಪನಿವೇದನೆ, ಆಮೇಲೆ ಪರಮಪ್ರಸಾದ. ಬಿಡುವ ಮನಸ್ಸು ನಿಜವಾಗಿದ್ದು ಮತ್ತೆ ಬಿದ್ದರೆ ಮತ್ತೆ ಹೋಗಿ. ಹಿಂದಿನ ನಿವೇದನೆ ಸುಳ್ಳಾಗುವುದಿಲ್ಲ. ಬಿದ್ದೆ ಎಂಬ ನಾಚಿಕೆಗೆ ಆರು ತಿಂಗಳು ಚರ್ಚಿನಿಂದ ದೂರವಿದ್ದು, ಆ ಆರು ತಿಂಗಳೂ ಸೇದುವುದು ಬಹಳ ಮಂದಿಯಲ್ಲಿ ಕಾಣುವ ಸುಳಿ.

ಹರಕೆಯ ವಿಷಯ. ತಿಳಿದು, ಸ್ವತಂತ್ರವಾಗಿ, ತನ್ನಿಂದ ಆಗಬಲ್ಲ ಒಳಿತಿಗೆ ದೇವರಿಗೆ ಕೊಟ್ಟ ಮಾತು ಹರಕೆ. ಮನೆಯವರು ಅನ್ಯಾಯವಾಗಿ ಬೆದರಿಸಿ ಹೊರಿಸಿದ್ದರೆ 1191ನೇ ನಿಯಮದಂತೆ ಅದು ಹರಕೆಯೇ ಅಲ್ಲ. ಸ್ವಂತ ಮನಸ್ಸಿನಿಂದ ಹೊತ್ತಿದ್ದರೆ ಖಾಸಗಿ ಹರಕೆಯನ್ನು ತಕ್ಕ ಕಾರಣಕ್ಕೆ ಬಿಡಿಸುವ ಅಧಿಕಾರ ನಿಮ್ಮ ಧರ್ಮಕೇಂದ್ರದ ಗುರುವಿಗಿದೆ. ಸಮನಾದ ಅಥವಾ ಹೆಚ್ಚಿನ ಒಳಿತಿಗೆ ಬದಲಿಸಿಕೊಳ್ಳಲು ನಿಮಗೇ ಹಕ್ಕಿದೆ. ‘ಇನ್ನು ಜನ್ಮದಲ್ಲಿ ಮುಟ್ಟೆನು’ ಎಂಬುದರ ಬದಲು ‘ಚಿಕಿತ್ಸೆ ಮುಗಿಸುತ್ತೇನೆ, ಒಂದು ಭೇಟಿಯನ್ನೂ ತಪ್ಪಿಸೆನು’ ಎಂದು ಗುರುವಿನ ಸಲಹೆ ಪಡೆದು ಬದಲಿಸಿಕೊಳ್ಳಿ. ದಿನಾ ಸೇದುವವನಿಗೆ ಇದು ಕೈಗೆಟುಕುತ್ತದೆ, ಮತ್ತು ಇದರಿಂದಲೇ ಅದೂ ಆಗುತ್ತದೆ.

ನನ್ನ ಮಗನಿಗೆ 19. ಡಿಪ್ಲೊಮಾ ಓದ್ತಾನೆ. ದಿಂಬಿನ ಒಳಗೆ ಪೊಟ್ಟಣ ಸಿಕ್ತು. ಕೇಳಿದ್ರೆ ಕೂಗಾಡ್ತಾನೆ. ಈಗ ಹದಿನೈದು ದಿನದಿಂದ ರಾತ್ರಿ ನಿದ್ದೆ ಇಲ್ಲ, ಪಕ್ಕದ ಮನೆಯವ್ರು ನಮ್ಮ ಮಾತು ಕದ್ದು ಕೇಳ್ತಾರೆ ಅಂತಾನೆ, ದೇವರು ನನ್ನ ಹತ್ರ ನೇರ ಮಾತಾಡ್ತಾನೆ ಅಂತಾನೆ. ದೆವ್ವ ಹಿಡಿದಿದೆ, ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆಗೆ ಕರ್ಕೊಂಡು ಬನ್ನಿ, ಮಾತ್ರೆ ಕೊಡ್ಬೇಡಿ ಅಂತ ಒಬ್ರು ಪ್ರಾರ್ಥನೆ ಮಾಡೋರು ಹೇಳಿದ್ದಾರೆ. ಏನು ಮಾಡ್ಲಿ? – ಮದ್ದೂರು ಕಡೆಯ ತಾಯಿ

ಅಮ್ಮ, ಈ ಸಂಚಿಕೆ ನಿಮ್ಮ ಕೈ ಸೇರಿದ ದಿನವೇ ಮಗನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೊರಡುವ ಮೊದಲು ಮಾತಾಡಬೇಕೆಂದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಗ ಯಾರ ಮೇಲಾದರೂ ಕೈ ಮಾಡಿದರೆ, ಸಾಯುತ್ತೇನೆ ಎಂದರೆ, ‘ದೇವರು ಹೀಗೆ ಮಾಡು ಎಂದ’ ಎಂದು ಅಪಾಯದ ಕೆಲಸಕ್ಕೆ ಹೊರಟರೆ ಬೆಳಗಾಗುವವರೆಗೂ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ನೀವು ಬರೆದ ಮೂರು ಲಕ್ಷಣ, ನಿದ್ದೆ ಹೋಗಿರುವುದು, ಎಲ್ಲರ ಮೇಲೆ ಸಂಶಯ, ತನಗೊಬ್ಬನಿಗೇ ಧ್ವನಿ ಕೇಳುವುದು, ಒಟ್ಟಿಗೆ ಬಂದರೆ ವೈದ್ಯರು ಸೈಕೋಸಿಸ್, ಎಂದರೆ ವಾಸ್ತವದ ಅರಿವು ತಪ್ಪುವ ಸ್ಥಿತಿ, ಇರಬಹುದೆಂದು ನೋಡುತ್ತಾರೆ. ಹದಿಹರೆಯದಲ್ಲಿ ಗಾಂಜಾ, ಅದರಲ್ಲೂ ಖಾರವಾದ ಮಾಲು, ದಿನಾ ಸೇದುವವರಲ್ಲಿ ಇದರ ಅಪಾಯ ಹೆಚ್ಚು. ಹತ್ತಿರದ ರಕ್ತಸಂಬಂಧದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಗಾಂಜಾದಿಂದಲೇ ಬಂದದ್ದಾದರೆ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದು ತಿಂಗಳೊಳಗೆ ಇಳಿಯುತ್ತದೆ. ತಿಂಗಳು ದಾಟಿದರೆ ಬೇರೆ ಕಾಯಿಲೆ ಇದೆಯೇ ಎಂದು ನೋಡಬೇಕಾಗುತ್ತದೆ. ಎರಡರಲ್ಲೂ ಬೇಗ ಚಿಕಿತ್ಸೆಯಾದಷ್ಟೂ ಫಲ ಚೆನ್ನ.

ದೆವ್ವದ ಮಾತು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ನೇಮಿಸಿದ್ದು ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಹೇಳುತ್ತದೆ. ಯಾಕೋಬನ ಪತ್ರಿಕೆ 5:14 ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥಿಸಿರಿ ಎನ್ನುತ್ತದೆ. ಮಾತ್ರೆ ಬಿಡಿ ಎನ್ನುವುದಿಲ್ಲ. ನಿಮ್ಮ ಗುರುಗಳು ಅಥವಾ ಸಭಾಪಾಲಕರು ಆಸ್ಪತ್ರೆಗೇ ಬಂದು ಪ್ರಾರ್ಥನೆ ಮಾಡಲಿ. ಉಪವಾಸವನ್ನು ನೀವು ಹಿಡಿಯಿರಿ, ಮಗನಿಗೆ ಹಿಡಿಸಬೇಡಿ. ಗಾಂಜಾ ಬಿಟ್ಟಾಗ ಹಸಿವು ತಾನಾಗಿಯೇ ಸತ್ತಿರುತ್ತದೆ, ನಿದ್ದೆ ಇರುವುದಿಲ್ಲ. ವೈದ್ಯರು ಲಿಥಿಯಂನಂಥ ಔಷಧಿ ಕೊಟ್ಟಿದ್ದಾಗ ನೀರು, ಉಪ್ಪು ಕಡಿಮೆಯಾದರೆ ಅದು ರಕ್ತದಲ್ಲಿ ಏರಿ ವಿಷವಾಗುತ್ತದೆ. ಸರಪಳಿ ಹಾಕಿ ಕಟ್ಟುವುದು 2017ರ ಮಾನಸಿಕ ಆರೋಗ್ಯ ಕಾಯಿದೆಯ 95ನೇ ಕಲಮಿನಂತೆ ನಿಷಿದ್ಧ, ಅದು ಯಾವ ಹೆಸರಿನ ಜಾಗವಾದರೂ ಸರಿ. ಯಾರಾದರೂ ‘ಬಿಡಿಸುವ ಕೇಂದ್ರ’ಕ್ಕೆ ಸೇರಿಸಿ ಎಂದರೆ ಆ ಕಾಯಿದೆಯಡಿ ನೋಂದಣಿಯಾದ ಪ್ರಮಾಣಪತ್ರ ತೋರಿಸಿ ಎಂದು ಕೇಳಿ. ತೋರಿಸದಿದ್ದರೆ ವಾಪಸು ಬನ್ನಿ.

ಪೊಲೀಸು ಕೇಸಿನ ಹೆದರಿಕೆ ಇಟ್ಟುಕೊಳ್ಳಬೇಡಿ. ಎನ್.ಡಿ.ಪಿ.ಎಸ್. 64ಎ ಕಲಮು ಇರುವುದೇ ಇಂಥವರಿಗೆ: ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ, ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಮುಂದಾದರೆ ಆ ಅಪರಾಧಕ್ಕೆ ಮೊಕದ್ದಮೆಯಿಂದ ರಕ್ಷಣೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹಿಂತೆಗೆಯಬಹುದು, ಹಾಗಾಗಿ ಚೀಟಿಗಳನ್ನೆಲ್ಲ ಜೋಪಾನವಾಗಿಡಿ. ಸಿಕ್ಕ ಪೊಟ್ಟಣವನ್ನು ಸಾಕ್ಷಿಗೆಂದು ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಶೌಚಾಲಯಕ್ಕೆ ಹಾಕಿ ನೀರು ಬಿಡಿ.

ಮಾತಾಡುವಾಗ ಅವನು ಮತ್ತಿನಲ್ಲಿಲ್ಲದ, ಊಟವಾದ ಹೊತ್ತು ನೋಡಿ. ಅಪ್ಪ, ಚಿಕ್ಕಪ್ಪ, ಮಾವ ಎಲ್ಲ ಸೇರಿ ಪಂಚಾಯಿತಿ ಮಾಡಬೇಡಿ. ಒಬ್ಬರೇ ಕೂತು ಮಾತಾಡಿ. ಗಾಂಜಾ ಸುದ್ದಿ ಎತ್ತದೆ ‘ನಿದ್ದೆ ಇಲ್ಲದೆ ಒದ್ದಾಡ್ತಿದ್ದೀಯ ಮಗ, ಡಾಕ್ಟ್ರನ್ನ ನೋಡೋಣ’ ಅಂತ ಕರೆಯಿರಿ. ನಿದ್ದೆಗೆಂದು ಬರುವ ಹುಡುಗರು ಬಹಳ. ಪಕ್ಕದ ಮನೆಯವರ ಮಾತಿಗೆ ‘ಇಲ್ಲ ಕಣೋ, ಸುಳ್ಳು’ ಎಂದು ವಾದಿಸಬೇಡಿ, ಹೌದೆಂದು ಒಪ್ಪಿಕೊಳ್ಳಲೂ ಬೇಡಿ. ‘ನಿನಗೆ ಹೆದರಿಕೆ ಆಗ್ತಿದೆ, ನಾನಿದ್ದೀನಿ’ ಎಂದರೆ ಸಾಕು.

ಅಕ್ಕನಿಗೆ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ವಾಂತಿ, ನೋವು. ಗಾಂಜಾ ಎಣ್ಣೆ ತರಿಸಿ ಎನ್ನುತ್ತಾರೆ. ‘ಯೇಸು ಶಿಲುಬೆಯ ಮೇಲೆ ಮತ್ತಿನ ರಸ ನಿರಾಕರಿಸಿದ’ ಎಂದು ಅಕ್ಕ ನೋವಿನ ಮಾತ್ರೆಯನ್ನೇ ಬೇಡವೆನ್ನುತ್ತಾಳೆ. – ಮೈಸೂರು

ಅಕ್ಕನಿಗೆ ಹೇಳಿ: ಯೇಸು ಆ ಗಳಿಗೆಯಲ್ಲಿ ನಿರಾಕರಿಸಿದ್ದು ಮಾರ್ಕ 15:23ರಲ್ಲಿದೆ, ಆದರೆ ರೋಗಿಗಳಿಗೆ ನೋವು ತಿನ್ನಿರಿ ಎಂದು ಆತ ಎಲ್ಲೂ ಹೇಳಲಿಲ್ಲ. ಕಂಡಲ್ಲೆಲ್ಲ ನೋವು ತೆಗೆದ. ಸಾವು ಹತ್ತಿರವಿರುವ ರೋಗಿಗೆ ನೋವು ತಗ್ಗಿಸುವ ಔಷಧಿ ಕೊಡುವುದನ್ನು ಕಥೋಲಿಕ ಧರ್ಮೋಪದೇಶದ 2279ನೇ ಪರಿಚ್ಛೇದ ಒಪ್ಪುತ್ತದೆ. ವೈದ್ಯರು ಬರೆದುಕೊಟ್ಟ ಮಾರ್ಫಿನ್ ಪಾಪವೂ ಅಲ್ಲ, ಅಪರಾಧವೂ ಅಲ್ಲ.

ಕೀಮೋ ವಾಂತಿಗೆ ಮೊದಲ ಮದ್ದು ಒಂಡಾನ್‌ಸೆಟ್ರಾನ್‌ನಂಥವು. ಅದು ಸಾಲದಿದ್ದರೆ ಕ್ಯಾನ್ಸರ್ ವೈದ್ಯರು ಬೇರೆ ಗುಂಪಿನ ಮಾತ್ರೆ ಜೊತೆ ಸೇರಿಸುತ್ತಾರೆ. ಡ್ರೊನಾಬಿನಾಲ್, ನ್ಯಾಬಿಲೋನ್ ಎಂಬ ಟಿ.ಎಚ್.ಸಿ. ಮಾದರಿಯ ಮಾತ್ರೆಗಳಿಗೆ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಅದೂ ಬೇರೆ ಮದ್ದಿಗೆ ಬಗ್ಗದ ವಾಂತಿಗೆ. ಇಲ್ಲಿ ಆಯುರ್ವೇದದಲ್ಲಿ ‘ವಿಜಯಾ’ ಎಂಬ ಹೆಸರಿನಲ್ಲಿ ಭಂಗಿ (ಗಾಂಜಾ ಗಿಡದ) ಎಲೆಯ ಔಷಧಿಗಳು ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. ತೆಗೆದುಕೊಳ್ಳುವ ಮೊದಲು ಕ್ಯಾನ್ಸರ್ ವೈದ್ಯರಿಗೆ ಶೀಶೆಯನ್ನೇ ತೋರಿಸಿ: ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್ ಇಂಥವುಗಳ ಪರಿಣಾಮವನ್ನು ಗಾಂಜಾದ ಅಂಶಗಳು ಹೆಚ್ಚಿಸುತ್ತವೆ. ಪರವಾನಗಿ ಸಂಖ್ಯೆ ಇಲ್ಲದ ಎಣ್ಣೆ ಬೇಡ. ಕ್ಯಾನ್ಸರನ್ನೇ ಗುಣ ಮಾಡುತ್ತದೆ ಎಂದವರ ಮಾತಿಗೆ ಕೀಮೋ ನಿಲ್ಲಿಸಬೇಡಿ, ಅದಕ್ಕೆ ಆಧಾರವಿಲ್ಲ.

ಯುವಕರ ಕೂಟದ ಹೊಣೆ ಹೊತ್ತಿದ್ದೇನೆ. ಗಾಯಕರ ತಂಡದ ಹುಡುಗನೊಬ್ಬ ಸೇದಿಕೊಂಡು ಬರುತ್ತಾನೆ. ಹೊರಹಾಕಬೇಕೇ? – ಮೈಸೂರು

ಗಲಾತ್ಯದವರಿಗೆ 6:1ರಲ್ಲಿ ಅಂಥವನನ್ನು ಸಾಧುಭಾವದಿಂದ ಸರಿದಾರಿಗೆ ತನ್ನಿರಿ ಎಂದಿದೆ. ಮತ್ತಿನಲ್ಲಿ ಬಂದ ದಿನ ವೇದಿಕೆ ಬೇಡ, ಬೈಕಿನ ಕೀಲಿ ಇಸಿದುಕೊಂಡು ಮನೆಗೆ ಬಿಟ್ಟು ಬನ್ನಿ. ಸೇದಿದ ಮತ್ತು 2ರಿಂದ 4 ಗಂಟೆ ಇರುತ್ತದೆ, ತಿಂದದ್ದಾದರೆ 6ರಿಂದ 8 ಗಂಟೆ ಅಥವಾ ಇನ್ನೂ ಹೆಚ್ಚು. ಮೋಟಾರು ವಾಹನ ಕಾಯಿದೆಯ 185ನೇ ಕಲಮಿಗೆ ಮದ್ಯವೂ ಒಂದೇ, ಇದೂ ಒಂದೇ. ಎಚ್ಚರವಾದ ದಿನ ಒಬ್ಬರೇ ಮಾತಾಡಿ. ಬ್ಯಾಗು ತಡಕುವುದು, ಪ್ರಾರ್ಥನೆಯ ವಿನಂತಿಯ ನೆಪದಲ್ಲಿ ಗುಂಪಿನಲ್ಲಿ ಹೆಸರು ಹೇಳುವುದು ಬೇಡ. ಒಂದರಲ್ಲಿ ಮಾತ್ರ ಗಟ್ಟಿಯಾಗಿರಿ: 18ರ ಒಳಗಿನ ಮಕ್ಕಳಿಗೆ ಅವನು ಕೊಡುತ್ತಿದ್ದರೆ ಅದು ಬಾಲನ್ಯಾಯ ಕಾಯಿದೆಯ 77ನೇ ಕಲಮು, 7 ವರ್ಷದವರೆಗೆ ಸಜೆ. ಮಕ್ಕಳ ಜೊತೆಗಿನ ಕೆಲಸದಿಂದ ತಕ್ಷಣ ತೆಗೆದು ಸಭಾಪಾಲಕರಿಗೂ ಆ ಮಕ್ಕಳ ತಂದೆತಾಯಿಗೂ ತಿಳಿಸಿ.

ತಪಸ್ಸುಕಾಲಕ್ಕೆ ಬಿಡಬೇಕೆಂದಿದ್ದೇನೆ. ಹೇಗೆ ಶುರು ಮಾಡಲಿ? ದಿನಕ್ಕೆ ನಾಲ್ಕು ಜಾಯಿಂಟ್, ಬೀಡಿ ಹೊಗೆಸೊಪ್ಪು ಬೆರೆಸಿ. – ಶ್ರೀರಂಗಪಟ್ಟಣ

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಎರಡು ವಾರ ಮೊದಲೇ ಕಡಿಮೆ ಮಾಡುತ್ತ ಬನ್ನಿ: ನಾಲ್ಕಿದ್ದದ್ದು ಮೂರು ದಿನ ಮೂರು, ನಾಲ್ಕು ದಿನ ಎರಡು, ಉಳಿದ ವಾರ ರಾತ್ರಿ ಒಂದೇ. ಮೊದಲು ಬೆಳಗಿನದನ್ನು ಕೈಬಿಡಿ. ನಿಲ್ಲಿಸಿದ ಮೇಲೆ 1ರಿಂದ 3 ದಿನದೊಳಗೆ ಸಿಡುಕು, ಚಡಪಡಿಕೆ, ಬೆವರು, ಹಸಿವಿಲ್ಲದಿರುವುದು ಶುರುವಾಗಿ ಮೊದಲ ವಾರದಲ್ಲಿ ಜೋರಾಗುತ್ತದೆ. ಎರಡು ವಾರಕ್ಕೆ ಹೆಚ್ಚಿನದು ಇಳಿಯುತ್ತದೆ. ನಿದ್ದೆ ಸರಿಹೋಗಲು ಇನ್ನೂ ಕೆಲವು ವಾರ ಬೇಕಾಗಬಹುದು. ಗಾಂಜಾ ಕನಸಿನ ನಿದ್ದೆಯನ್ನು ಅದುಮಿಟ್ಟಿರುತ್ತದೆ. ಬಿಟ್ಟಾಗ ಅದು ಒಮ್ಮೆಗೇ ನುಗ್ಗಿ ಭೀಕರ, ಕಣ್ಣಿಗೆ ಕಟ್ಟುವ ಕನಸು ತರುತ್ತದೆ. ಸೈತಾನನ ದಾಳಿ ಎಂದು ಹೆದರಿ ಮತ್ತೆ ಸೇದಲು ಶುರು ಮಾಡಿದವರಿದ್ದಾರೆ. ಅದು ಮಿದುಳು ಬಾಕಿ ತೀರಿಸಿಕೊಳ್ಳುವ ಪರಿ. ಎದ್ದು ನೀರು ಕುಡಿದು, ಒಂದು ಕೀರ್ತನೆ ಓದಿ ಮಲಗಿ.

ಬಹಳ ಜನ ಸೋಲುವುದು ಗಾಂಜಾಕ್ಕಲ್ಲ, ಅದರ ಜೊತೆಗಿನ ಹೊಗೆಸೊಪ್ಪಿಗೆ. ಗಾಂಜಾ ಬಿಟ್ಟು ಬೀಡಿ ಇಟ್ಟುಕೊಂಡರೆ ಕೈ, ತುಟಿ, ಬೆಂಕಿಕಡ್ಡಿ ಎಲ್ಲವೂ ಹಳೆಯದನ್ನೇ ಕರೆಯುತ್ತವೆ. ಎರಡನ್ನೂ ಒಟ್ಟಿಗೆ ಬಿಡಿ. ಔಷಧಿ ಅಂಗಡಿಯಲ್ಲಿ 2 ಮಿ.ಗ್ರಾಂ. ನಿಕೋಟಿನ್ ಗಮ್ ಸಿಗುತ್ತದೆ. ಚೂಯಿಂಗ್ ಗಮ್ಮಿನ ಹಾಗೆ ಜಗಿದರೆ ಬಿಕ್ಕಳಿಕೆ, ಹೊಟ್ಟೆ ಉರಿ. ನಿಧಾನ ಜಗಿದು ಚುರುಗುಟ್ಟಿದಾಗ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ, ಚುರುಕು ಹೋದಾಗ ಮತ್ತೆ ಜಗಿಯಿರಿ. ಒಂದು ಗಮ್ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲು ಕಾಫಿ, ಹಣ್ಣಿನ ರಸ ಬೇಡ, ಆ ಹುಳಿಯಲ್ಲಿ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕಾಗುವವರು 4 ಮಿ.ಗ್ರಾಂ. ಬಗ್ಗೆ ವೈದ್ಯರನ್ನು ಕೇಳಿ. ಗಾಂಜಾ ಬಿಡಿಸಲೆಂದೇ ಮಂಜೂರಾದ ಮಾತ್ರೆ ಇಲ್ಲ. ನಿದ್ದೆಗೆ, ಚಡಪಡಿಕೆಗೆ ವೈದ್ಯರು ಕೊಡುತ್ತಾರೆ, ಮುಖ್ಯ ಚಿಕಿತ್ಸೆ ಆಪ್ತಸಮಾಲೋಚನೆ. 14446 ವ್ಯಸನಮುಕ್ತಿ ಸಹಾಯವಾಣಿ, ಉಚಿತ. ಅಂಗಡಿಯಿಂದ ನೀವೇ ನಿದ್ದೆ ಮಾತ್ರೆ ತಂದು ನುಂಗಬೇಡಿ.

ಬೂದಿ ಬುಧವಾರದ ಹಿಂದಿನ ಮಂಗಳವಾರ ರಾತ್ರಿ ಚಿಲುಮೆ, ಕಾಗದ, ಉಳಿದ ಮಾಲು ಎಲ್ಲ ನಾಶ ಮಾಡಿ. ಗೆಳೆಯನಿಗೆ ಕೊಟ್ಟರೆ ಅದೂ ಅಪರಾಧ, ಮತ್ತು ಅದು ವಾಪಸು ನಿಮ್ಮ ಹತ್ತಿರವೇ ಬರುತ್ತದೆ. ಮಾರುವವನ ನಂಬರ್ ಅಳಿಸಿ, ಬ್ಲಾಕ್ ಮಾಡಿ. ಸಂಬಳ ಬಂದ ವಾರ ಕೈಯಲ್ಲಿ ಪುಡಿಗಾಸು ಮಾತ್ರ ಇರಲಿ. ಚಪಲ ಎದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಗ ಕೂತಲ್ಲೇ ಕೂರದೆ ನಾಲೆ ಏರಿ ಮೇಲೆ ನಡೆಯಲು ಹೋಗಿ. ಮಧ್ಯಾಹ್ನ ಎರಡರ ಮೇಲೆ ಕಾಫಿ, ಟೀ ಬೇಡ. ತಪಸ್ಸುಕಾಲದ 40 ದಿನದಲ್ಲಿ ಭಾನುವಾರಗಳನ್ನು ಎಣಿಸುವುದಿಲ್ಲ, ಆ ದಿನ ಕೆಲವರು ತಾವು ಬಿಟ್ಟದ್ದನ್ನು ತಿನ್ನುತ್ತಾರೆ. ಮಾಂಸಕ್ಕೆ ಅದು ಸರಿ. ಗಾಂಜಾಕ್ಕೆ ಭಾನುವಾರದ ಬಿಡುವು ಇಟ್ಟುಕೊಂಡರೆ ವಾರಕ್ಕೊಮ್ಮೆ ಹೊಸದಾಗಿ ಬಿಟ್ಟಂತಾಗಿ ಸೋಮವಾರದ ಸಂಕಟ ತಪ್ಪುವುದೇ ಇಲ್ಲ. ನಡುವೆ ಒಂದು ದಿನ ಬಿದ್ದರೆ ಈಸ್ಟರ್‌ವರೆಗೆ ಕಾಯದೆ ಮರುದಿನ ಬೆಳಗ್ಗೆಯೇ ಮತ್ತೆ ಹಿಡಿಯಿರಿ, ಮತ್ತು ಬಿದ್ದದ್ದನ್ನು ಆ ದಿನವೇ ನೀವು ನಂಬುವ ಒಬ್ಬರಿಗೆ ಹೇಳಿ. ದಿನಾ ಸೇದಿದವರ ಮೂತ್ರದಲ್ಲಿ ಒಂದು ತಿಂಗಳವರೆಗೂ ಅಂಶ ಕಾಣಬಹುದು. ಆಸ್ಪತ್ರೆಯ ಪರೀಕ್ಷೆಯಲ್ಲಿ ಬಂತೆಂದು ಮನೆಯವರು ಸುಳ್ಳುಗಾರ ಎನ್ನುವ ಮೊದಲು ಇದನ್ನು ಅವರಿಗೂ ಓದಿಸಿ.